ಮಗುವಿನ ಮಾತು, ನ್ಯಾಯಾಲಯದ ಕಾಗದ: ಎಳೆಯರ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಸಾಕ್ಷ್ಯ ಮತ್ತು ರುಜುವಾತು

ಮಗುವಿಗೆ ಜ್ವರ ಬಂದರೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಬೇಕು, ಭೇದಿಯಾದರೆ ಉಪ್ಪು ಸಕ್ಕರೆಯ ನೀರು ಕುಡಿಸಬೇಕು, ನಾಯಿ ಕಚ್ಚಿದರೆ ಗಾಯವನ್ನು ಸಾಬೂನಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇವೆಲ್ಲ ಮುಂಬಯಿಯ ಕನ್ನಡಿಗ ಕುಟುಂಬಗಳಿಗೆ ತಿಳಿಯದ ಸಂಗತಿಗಳೇನಲ್ಲ. ಆದರೆ ಅದೇ ಮಗು ಒಂದು ಸಂಜೆ ಶಾಲೆಯಿಂದಲೋ, ಟ್ಯೂಷನ್ನಿನಿಂದಲೋ, ನೆರೆಮನೆಯಿಂದಲೋ ಮರಳಿ ಬಂದು, ಯಾರೋ ತನ್ನ ಮೈಯನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆಂದು ಹೇಳಿದರೆ ಮಾಡತಕ್ಕದ್ದೇನು ಎಂಬುದು ಎಷ್ಟು ಮನೆಗಳಲ್ಲಿ ತಿಳಿದಿದೆ?

ಇಂಥ ಗಳಿಗೆಯಲ್ಲಿ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು ಮಾನ. ‘ನಾಲ್ಕು ಜನರಿಗೆ ತಿಳಿದರೆ ಏನು ಗತಿ?’ ಎಂಬ ಮಾತು ಬರುತ್ತದೆ. ಮಗುವಿಗೆ ಸ್ನಾನ ಮಾಡಿಸಿ, ಬಟ್ಟೆಯನ್ನು ಒಗೆದು, ‘ಯಾರಿಗೂ ಹೇಳಬೇಡ’ ಎಂದು ತಾಕೀತು ಮಾಡುವುದಾಗುತ್ತದೆ. ಕೆಲವೊಮ್ಮೆ ಮುಂದಿನ ರೈಲಿಗೋ ಬಸ್ಸಿಗೋ ಹತ್ತಿಸಿ ಅಜ್ಜಿಯ ಬಳಿಗೆ ಊರಿಗೆ ಕಳುಹಿಸುವುದೂ ಉಂಟು. ಇದೆಲ್ಲ ಮಮತೆಯಿಂದಲೇ ಆಗುವಂಥದು. ಆದರೆ ಹೀಗೆ ಕಳೆದುಹೋದ ಆ ಕೆಲವು ಗಂಟೆಗಳ ಬೆಲೆ ಎಷ್ಟೆಂಬುದು ಅನೇಕ ವರ್ಷಗಳ ಅನಂತರ, ಫೋರ್ಟಿನ ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿಯ ವಿಚಾರಣೆ ನಡೆಯುವಾಗ ಗೊತ್ತಾಗುತ್ತದೆ. ಆ ಹೊತ್ತಿಗೆ ಮಗು ಮಗುವಾಗಿ ಉಳಿದಿರುವುದಿಲ್ಲ. ಕಾಲವನ್ನು ಹಿಂದಕ್ಕೆ ತಿರುಗಿಸುವುದೂ ಸಾಧ್ಯವಿಲ್ಲ.

ರುಜುವಾತು ಎಂದರೇನು?

ರುಜುವಾತು ಎಂದರೆ ಕಣ್ಣಾರೆ ಕಂಡವರ ಸಾಕ್ಷಿ, ಇಲ್ಲವೆ ಮೈಮೇಲಿನ ಗಾಯ ಎಂಬ ಕಲ್ಪನೆ ಜನಸಾಮಾನ್ಯರಲ್ಲಿ ಬೇರೂರಿದೆ. ಇವೆರಡೂ ಇಲ್ಲದಿದ್ದರೆ ‘ಕೇಸು ನಿಲ್ಲುವುದಿಲ್ಲ’ ಎಂದು ತಿಳಿದವರೆನಿಸಿಕೊಂಡವರೂ ಹೇಳುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ತನ್ನ ಮುಂದಿರುವ ಎಲ್ಲ ಸಂಗತಿಗಳನ್ನೂ ಪರಿಶೀಲಿಸಿದ ಬಳಿಕ, ವಿವೇಕಿಯಾದ ಮನುಷ್ಯನೊಬ್ಬ ಇದು ನಡೆದಿದೆಯೆಂದು ನಂಬಿ ನಡೆದುಕೊಳ್ಳುವಷ್ಟು ಖಚಿತತೆ ಉಂಟಾದರೆ ಒಂದು ಸಂಗತಿ ರುಜುವಾತಾದಂತೆ. ಅಪರಾಧದ ಖಟ್ಲೆಗಳಲ್ಲಿ ಈ ಖಚಿತತೆಯು ನ್ಯಾಯಸಮ್ಮತವಾದ ಸಂಶಯವನ್ನು ಮೀರಿದ್ದಾಗಿರಬೇಕು.

ಇಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಎಲ್ಲಿಯೂ ಸಂಖ್ಯೆಯನ್ನು ಗೊತ್ತುಪಡಿಸಿಲ್ಲ. 1872ರ ಸಾಕ್ಷ್ಯ ಕಾಯಿದೆಯ 134ನೆಯ ಕಲಮಿನಲ್ಲಿದ್ದ ಈ ತತ್ತ್ವವು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೆಯ ಕಲಮಿನಲ್ಲಿ ಹಾಗೆಯೇ ಮುಂದುವರಿದಿದೆ. ಸಾಕ್ಷ್ಯವನ್ನು ತೂಗಬೇಕೇ ಹೊರತು ಎಣಿಸಬಾರದು. ಎಳೆಯರ ಮೇಲಿನ ಲೈಂಗಿಕ ಅಪರಾಧ ಏಕಾಂತದಲ್ಲಿ ನಡೆಯುವ ಕೃತ್ಯ. ಅದಕ್ಕೆ ಮಗುವೇ ಸಾಕ್ಷಿ. ಎಷ್ಟೋ ಸಂದರ್ಭಗಳಲ್ಲಿ ಮಗುವೊಂದೇ ಸಾಕ್ಷಿ.

ಮೇಲ್ಮನವಿಯ ನ್ಯಾಯಾಲಯ ನೋಡುವುದೇನನ್ನು?

ಮೊದಲ ವಿಚಾರಣೆ ನಡೆಯುವುದು ವಿಶೇಷ ನ್ಯಾಯಾಲಯದಲ್ಲಿ. ಮುಂಬಯಿಯಲ್ಲಿ ಕಾಲಾಘೋಡಾದ ಸೆಷನ್ಸ್ ನ್ಯಾಯಾಲಯದಲ್ಲಿಯೂ ಗೋರೆಗಾಂವದ ದಿಂಡೋಶಿಯಲ್ಲಿಯೂ ಇಂಥ ಖಟ್ಲೆಗಳು ನಡೆಯುತ್ತವೆ. ಠಾಣೆ, ಡೊಂಬಿವಲಿಗಳ ಕಡೆಯವು ಠಾಣೆಯ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತವೆ. ಅಲ್ಲಿಯ ನ್ಯಾಯಾಧೀಶರು ಮಗುವನ್ನು ಎದುರಿಗೇ ಕಾಣುತ್ತಾರೆ. ಅದರ ತಡವರಿಕೆ, ಭಯ, ಕಣ್ಣೀರು, ಸರಳವಾದ ಉತ್ತರ ಎಲ್ಲವೂ ಅವರ ಅನುಭವಕ್ಕೆ ಬರುತ್ತವೆ.

ಮೇಲ್ಮನವಿಯಲ್ಲಿ ಈ ಸೌಲಭ್ಯವಿಲ್ಲ. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ಮುಂದೆ ಬರುವುದು ಕಾಗದಗಳ ಕಟ್ಟು ಮಾತ್ರ: ಮೊದಲ ವರದಿ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ವೈದ್ಯರ ವರದಿ, ಪಂಚನಾಮೆ, ಸಾಕ್ಷಿಗಳ ವಿಚಾರಣೆ ಮತ್ತು ಪಾಟೀಸವಾಲಿನ ದಾಖಲೆ, ಕೆಳಗಿನ ನ್ಯಾಯಾಲಯದ ತೀರ್ಪು. ಕಾಗದದಲ್ಲಿ ಇಲ್ಲದ್ದು ಮೇಲ್ಮನವಿಯಲ್ಲಿ ಇಲ್ಲ. ಮಗು ಮೊದಲು ಯಾರಿಗೆ ಹೇಳಿತು, ಯಾವ ಮಾತಿನಲ್ಲಿ ಹೇಳಿತು, ದೂರು ತಡವಾದದ್ದು ಏಕೆ, ಬಟ್ಟೆ ಏನಾಯಿತು ಎಂಬೆಲ್ಲ ಪ್ರಶ್ನೆಗಳಿಗೆ ಆ ಕಟ್ಟಿನಲ್ಲಿ ಉತ್ತರವಿರಬೇಕು. ಉತ್ತರವಿಲ್ಲದ ಕಡೆ ಸಂಶಯ ಬಂದು ಕುಳಿತುಕೊಳ್ಳುತ್ತದೆ. ಸಂಶಯದ ಲಾಭ ಯಾವಾಗಲೂ ಆರೋಪಿಗೆ.

ಆರೋಪಿಯು ಬಿಡುಗಡೆಯಾದ ಖಟ್ಲೆಯ ಮೇಲ್ಮನವಿಯಂತೂ ಇನ್ನೂ ಕಠಿಣ. ಕರ್ನಾಟಕದಿಂದ ಹೋದ ಚಂದ್ರಪ್ಪ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಸೂತ್ರಗಳನ್ನು ಒಂದೆಡೆ ಕ್ರೋಡೀಕರಿಸಿತು. ಮೇಲ್ಮನವಿಯ ನ್ಯಾಯಾಲಯಕ್ಕೆ ಇಡೀ ಸಾಕ್ಷ್ಯವನ್ನು ಮತ್ತೊಮ್ಮೆ ಪರಿಶೀಲಿಸುವ ಪೂರ್ಣ ಅಧಿಕಾರವಿದೆ; ಆದರೆ ಬಿಡುಗಡೆಯಾದವನ ಪಾಲಿಗೆ ನಿರ್ದೋಷಿತ್ವದ ಭಾವನೆ ಇಮ್ಮಡಿಯಾಗಿರುತ್ತದೆ, ಸಾಕ್ಷ್ಯದಿಂದ ಎರಡು ಯುಕ್ತವಾದ ಅಭಿಪ್ರಾಯಗಳು ಹೊರಡುವಂತಿದ್ದರೆ ಬಿಡುಗಡೆಯ ತೀರ್ಪನ್ನು ಕದಲಿಸಬಾರದು ಎಂಬುದು ಅದರ ಸಾರ. ಮೊದಲ ನ್ಯಾಯಾಲಯದಲ್ಲಿ ಸೋತರೆ ಮೇಲಿನ ನ್ಯಾಯಾಲಯದಲ್ಲಿ ನೋಡಿಕೊಳ್ಳೋಣ ಎಂಬ ಭರವಸೆ ಎಷ್ಟು ದುರ್ಬಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೇಲ್ಮನವಿಯ ಬಾಗಿಲು ನೊಂದವರಿಗೆ ಮುಚ್ಚಿದೆಯೆಂದು ಇದರ ಅರ್ಥವಲ್ಲ. ಹಿಂದೆ ಬಿಡುಗಡೆಯ ವಿರುದ್ಧ ಮೇಲ್ಮನವಿ ಹೋಗುವುದು ಮುಖ್ಯವಾಗಿ ಸರಕಾರದ ಕೈಯಲ್ಲಿತ್ತು. 2009ರ ಡಿಸೆಂಬರ್ 31ರಿಂದ ನೊಂದವರಿಗೂ ಆ ಹಕ್ಕು ದೊರೆಯಿತು. ಅದಕ್ಕಾಗಿ ಮುಂಚಿತವಾಗಿ ಅನುಮತಿ ಬೇಡಬೇಕಾಗಿಲ್ಲವೆಂದು 2018ರ ಅಕ್ಟೋಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ತೀರ್ಮಾನಿಸಿತು. ಅದೂ ಕರ್ನಾಟಕದ ಪ್ರಕರಣವೇ, ಮಲ್ಲಿಕಾರ್ಜುನ ಕೊಡಗಲಿ ಅವರದು.

ಕೊಲಾಬಾದ ಆಂಕರೇಜ್ ಪ್ರಕರಣ

ಒಂದೇ ಸಾಕ್ಷ್ಯವನ್ನು ಮೂರು ನ್ಯಾಯಾಲಯಗಳು ಹೇಗೆ ಮೂರು ಬಾರಿ ತೂಗಿದವು ಎಂಬುದಕ್ಕೆ ಮುಂಬಯಿಯದೇ ಆದ ನಿದರ್ಶನವೊಂದಿದೆ. ಕೊಲಾಬಾ, ಕಫ್ ಪರೇಡ್ ಹಾಗೂ ರಾಯಗಢ ಜಿಲ್ಲೆಯ ಮುರುಡದಲ್ಲಿ ‘ಆಂಕರೇಜ್’ ಎಂಬ ಹೆಸರಿನ ಆಶ್ರಯಧಾಮಗಳಿದ್ದವು. ಬೀದಿಯ ಮಕ್ಕಳಿಗೆ ಊಟ, ಬಟ್ಟೆ, ಆಸರೆ ಕೊಡುವುದು ಅವುಗಳ ಘೋಷಿತ ಉದ್ದೇಶ. ನಡೆಸುತ್ತಿದ್ದವರಲ್ಲಿ ಬ್ರಿಟಿಷ್ ಪ್ರಜೆಗಳಿದ್ದರು. ಅಲ್ಲಿಯ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆಯೆಂಬ ದೂರು 2001ರಲ್ಲಿ ಬೆಳಕಿಗೆ ಬಂತು. ಅದು ನೇರವಾಗಿ ಪೋಲಿಸ್ ಠಾಣೆಯಿಂದ ಬಂದದ್ದಲ್ಲ. ಮಕ್ಕಳ ನಡುವೆ ಕೆಲಸಮಾಡುತ್ತಿದ್ದ ಕಾರ್ಯಕರ್ತರು, ವಕೀಲರು, ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯ ಸದಸ್ಯರು ಹುಡುಗರ ಮಾತನ್ನು ಕಿವಿಗೊಟ್ಟು ಕೇಳಿದುದರಿಂದ ಅದು ಹೊರಬಂತು.

2006ರ ಮಾರ್ಚಿಯಲ್ಲಿ ಮುಂಬಯಿಯ ಸೆಷನ್ಸ್ ನ್ಯಾಯಾಲಯವು ಮೂವರು ಆರೋಪಿಗಳನ್ನು ತಪ್ಪಿತಸ್ಥರೆಂದು ನಿರ್ಣಯಿಸಿ, ಇಬ್ಬರಿಗೆ 6 ವರ್ಷಗಳ ಕಠಿಣ ಸಜೆಯನ್ನೂ ಒಬ್ಬನಿಗೆ 3 ವರ್ಷಗಳ ಸಜೆಯನ್ನೂ ವಿಧಿಸಿತು. ಆ ತೀರ್ಪಿನ ಮುಖ್ಯ ಆಧಾರವೆಂದರೆ ಧಾಮದಲ್ಲಿ ಬೆಳೆದ ಇಬ್ಬರು ತರುಣರ ಸಾಕ್ಷ್ಯ. ಆರೋಪಿಗಳು ಮೇಲ್ಮನವಿ ಹೋದರು. 2008ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಇಬ್ಬರ ಮಾತು ನಂಬಲರ್ಹವಲ್ಲವೆಂದು ಮೂವರನ್ನೂ ದೋಷಮುಕ್ತಗೊಳಿಸಿತು. ಹೇಳಿಕೆಗಳು ತಡವಾಗಿ ಬಂದವು, ಒಂದು ಕಡೆ ಹೇಳಿದುದಕ್ಕೂ ಇನ್ನೊಂದು ಕಡೆ ಹೇಳಿದುದಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪಣೆಗಳು ಅಲ್ಲಿ ಭಾರವಾದವು.

ಚೈಲ್ಡ್‌ಲೈನ್ ಇಂಡಿಯಾ ಫೌಂಡೇಷನ್ ಹಾಗೂ ಮಹಾರಾಷ್ಟ್ರ ಸರಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 2011ರ ಮಾರ್ಚ್ 18ರಂದು ನ್ಯಾಯಮೂರ್ತಿ ಪಿ. ಸದಾಶಿವಂ ಮತ್ತು ನ್ಯಾಯಮೂರ್ತಿ ಬಿ. ಎಸ್. ಚೌಹಾಣ್ ಅವರ ಪೀಠವು ಬಿಡುಗಡೆಯ ತೀರ್ಪನ್ನು ರದ್ದುಗೊಳಿಸಿ, ಸೆಷನ್ಸ್ ನ್ಯಾಯಾಲಯದ ತೀರ್ಪನ್ನು ಪುನಃ ಸ್ಥಾಪಿಸಿತು. ಆ ಇಬ್ಬರ ಸಾಕ್ಷ್ಯವನ್ನು ತಳ್ಳಿಹಾಕಿದುದು ತಪ್ಪೆಂದು ಅದು ಕಂಡಿತು.

ಇದರ ಒಳಗಿನ ವಿಚಾರವನ್ನು ಗಮನಿಸಬೇಕು. ತಲೆಯ ಮೇಲೆ ಸೂರಿಲ್ಲದ ಹುಡುಗ ತನಗೆ ಅನ್ನ ಹಾಕುವವನ ಮೇಲೆಯೇ ದೂರು ಹೇಳಬೇಕಾಗಿತ್ತು. ದೂರು ಹೇಳಿದರೆ ಮರುದಿನ ಮಲಗುವುದು ಮತ್ತೆ ಫುಟ್‌ಪಾತಿನ ಮೇಲೆ. ಅಂಥವನು ಮೊದಲ ದಿನವೇ ಏಕೆ ಹೇಳಲಿಲ್ಲವೆಂದು ಕೇಳುವುದು, ಮನೆಯೂ ತಂದೆತಾಯಿಗಳೂ ಇರುವವರ ಅಳತೆಗೋಲಿನಿಂದ ಅವನನ್ನು ಅಳೆದಂತೆ. ಹೇಳಿಕೆಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳು ಬೇರೆ, ಮೂಲ ಸಂಗತಿಯಲ್ಲಿಯೇ ವಿರೋಧವಿರುವುದು ಬೇರೆ. ಮೂಲ ಸಂಗತಿ ಗಟ್ಟಿಯಾಗಿ ನಿಂತರೆ ಅಂಚಿನ ವ್ಯತ್ಯಾಸಗಳಿಂದ ಸಾಕ್ಷ್ಯ ಕುಸಿಯುವುದಿಲ್ಲ. ಆದರೂ ದೂರು ಬೆಳಕಿಗೆ ಬಂದಂದಿನಿಂದ ಅಂತಿಮ ತೀರ್ಪಿನವರೆಗೆ ಸುಮಾರು ಹತ್ತು ವರ್ಷಗಳು ಸಂದುಹೋದುವೆಂಬುದನ್ನು ಮರೆಯುವಂತಿಲ್ಲ.

ಎಳೆಯ ಸಾಕ್ಷಿಯ ಬೆಲೆ

ಮಗು ಸಾಕ್ಷಿ ಹೇಳಬಹುದೆ? ಪ್ರಶ್ನೆಯನ್ನು ತಿಳಿದುಕೊಂಡು ಅದಕ್ಕೆ ಸರಿಯಾದ ಉತ್ತರ ಕೊಡಬಲ್ಲ ಯಾವ ಮಗುವೂ ಸಾಕ್ಷಿ ಹೇಳಬಹುದು. ವಯಸ್ಸಿನ ಕನಿಷ್ಠ ಮಿತಿಯಿಲ್ಲ. 1951ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ರಾಮೇಶ್ವರ ಎಂಬವನ ಪ್ರಕರಣದಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳ ಸಾಕ್ಷ್ಯವನ್ನು ಸ್ವೀಕರಿಸಿತು. ಪ್ರಮಾಣವಚನ ಬೋಧಿಸಲಿಲ್ಲವೆಂಬ ಒಂದೇ ಕಾರಣದಿಂದ ಅವಳ ಮಾತು ವ್ಯರ್ಥವಾಗಲಿಲ್ಲ. ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಬರೆದ ಆ ತೀರ್ಪಿನ ಪ್ರಕಾರ, ಬೇರೆ ಆಧಾರ ಬೇಕೆಂಬುದು ಎಚ್ಚರಿಕೆಯ ಸೂತ್ರವೇ ಹೊರತು ಕಾನೂನಿನ ಕಟ್ಟಲೆಯಲ್ಲ. ಬಾಲಕಿ ಕೆಲವು ಗಂಟೆಗಳ ಬಳಿಕ ತಾಯಿಗೆ ಹೇಳಿದ ಮಾತನ್ನೇ ನ್ಯಾಯಾಲಯ ಆಧಾರವೆಂದು ಪರಿಗಣಿಸಿತು. ತಾಯಿಯ ಕಿವಿಗೆ ಬಿದ್ದ ಮೊದಲ ಮಾತಿನ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇಕಿಲ್ಲ.

ಆದರೆ ನ್ಯಾಯಾಲಯಕ್ಕೆ ಇನ್ನೊಂದು ಎಚ್ಚರಿಕೆಯೂ ಇದೆ. ಎಳೆಯ ಮನಸ್ಸು ಮೃದು. ಹಿರಿಯರು ಹೇಳಿಕೊಟ್ಟುದನ್ನು ಗಿಳಿಪಾಠದಂತೆ ಒಪ್ಪಿಸಲೂ ಬಲ್ಲದು. ಆಸ್ತಿಯ ಜಗಳ, ಸೊಸೈಟಿಯ ವೈಮನಸ್ಯ, ದಾಂಪತ್ಯದ ವಿರಸಗಳಲ್ಲಿ ಮಗುವನ್ನು ಆಯುಧವಾಗಿ ಬಳಸಿಕೊಂಡಿರಬಹುದೆ ಎಂಬುದನ್ನು ನ್ಯಾಯಾಲಯ ಪರೀಕ್ಷಿಸಲೇಬೇಕು. ನಿರಪರಾಧಿಯೊಬ್ಬ ಇಂಥ ಆರೋಪದಲ್ಲಿ ಸೆರೆಮನೆಗೆ ಹೋಗುವುದೂ ಘೋರ ಅನ್ಯಾಯವೇ. ಆದುದರಿಂದ ಮಗು ಹೇಳಿದ ಸತ್ಯವನ್ನು ‘ಬಲಪಡಿಸುವ’ ಉದ್ದೇಶದಿಂದ ಮನೆಯವರು ಎರಡು ಮಾತು ಸೇರಿಸಿ ಹೇಳಿಕೊಟ್ಟರೆ, ಆ ಸೇರಿಕೆಯೇ ಸತ್ಯವನ್ನು ನುಂಗಿಬಿಡುತ್ತದೆ. ಪಾಟೀಸವಾಲಿನಲ್ಲಿ ಸೇರಿಸಿದ ಮಾತು ಮುರಿದುಬಿದ್ದಾಗ ನಿಜವಾದ ಮಾತನ್ನೂ ಅದು ತನ್ನೊಡನೆ ಎಳೆದುಕೊಂಡು ಹೋಗುತ್ತದೆ.

ಮಗು ಮಾತನಾಡದೆ ಹೋದರೆ? ರಾಜಸ್ಥಾನದ ಒಂದು ಪ್ರಕರಣದಲ್ಲಿ 1986ರಲ್ಲಿ ಅತ್ಯಾಚಾರಕ್ಕೆ ಒಳಗಾದ ಬಾಲಕಿಯು ನ್ಯಾಯಾಲಯದಲ್ಲಿ ಪ್ರಶ್ನೆ ಕೇಳಿದಾಗ ಮೌನವಾಗಿ ಕಣ್ಣೀರು ಸುರಿಸಿದಳು. ಕೆಳಗಿನ ನ್ಯಾಯಾಲಯ 1987ರಲ್ಲಿ ಆರೋಪಿಗೆ ಶಿಕ್ಷೆ ವಿಧಿಸಿತು. ಉಚ್ಚ ನ್ಯಾಯಾಲಯ 2013ರಲ್ಲಿ ಬಿಡುಗಡೆ ಮಾಡಿತು. 2025ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಘಾತಗೊಂಡ ಮಗುವಿನ ಮೌನ ಆರೋಪಿಯ ಪರವಾಗಿ ನಿಲ್ಲುವ ಸಾಕ್ಷ್ಯವಾಗಲಾರದೆಂದು ಹೇಳಿ, ಇತರ ಪುರಾವೆಗಳ ಆಧಾರದಿಂದ ಮೊದಲಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಸುಮಾರು ನಾಲ್ಕು ದಶಕಗಳು ಕಳೆದಿದ್ದವು.

ತಡವಾದ ದೂರು

ಮಗು ಕೂಡಲೇ ಹೇಳುವುದಿಲ್ಲ. ಬೆದರಿಕೆ, ನಾಚಿಕೆ, ತನ್ನದೇ ತಪ್ಪೆಂಬ ಭಾವನೆ, ಅಪ್ಪ ಅಮ್ಮ ಜಗಳವಾಡಿಯಾರೆಂಬ ಭಯ ಇವೆಲ್ಲ ಅದರ ಬಾಯಿ ಕಟ್ಟುತ್ತವೆ. ಆಪ್ತನೇ ಅಪರಾಧಿಯಾಗಿದ್ದಾಗಲಂತೂ ಈ ಮೌನ ಇನ್ನಷ್ಟು ದೀರ್ಘ. ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಬಂಧುವಿನಿಂದಲೇ ಪೀಡನೆಗೊಳಗಾದ ಒಂಬತ್ತು ವರ್ಷದ ಬಾಲಕಿಯ ಪರವಾಗಿ ದೂರು ದಾಖಲಾದದ್ದು ಸುಮಾರು ಮೂರು ವರ್ಷಗಳ ಅನಂತರ. ಆದರೂ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆರೋಪಿಯ ಬಿಡುಗಡೆಯನ್ನು ರದ್ದುಪಡಿಸಿತು. ವಿಳಂಬವೇ ದೋಷವಲ್ಲ, ವಿವರಣೆಯಿಲ್ಲದ ವಿಳಂಬ ದೋಷ. ಆದುದರಿಂದ ತಡವಾಗಿ ದೂರು ಕೊಡುವಾಗ ಆ ತಡಕ್ಕೆ ಕಾರಣವೇನೆಂಬುದನ್ನು ಮರೆಮಾಚದೆ ಮೊದಲ ವರದಿಯಲ್ಲಿಯೇ ಬರೆಸಬೇಕು. ‘ಮಾನಕ್ಕೆ ಅಂಜಿ ಎಂಟು ದಿನ ಸುಮ್ಮನಿದ್ದೆವು’ ಎಂಬ ನಿಜವಾದ ಮಾತು, ‘ನಿನ್ನೆಯೇ ತಿಳಿಯಿತು’ ಎಂಬ ಸುಳ್ಳಿಗಿಂತ ನೂರು ಪಾಲು ಮೇಲು.

ವೈದ್ಯರು ಹೇಳಬಹುದಾದದ್ದು, ಹೇಳಲಾಗದ್ದು

ಗಾಯವಿಲ್ಲದಿದ್ದರೆ ಅಪರಾಧವಿಲ್ಲವೆಂಬ ಭಾವನೆಗೆ ಮಹಾರಾಷ್ಟ್ರದ್ದೇ ಆದ ಕಹಿ ಇತಿಹಾಸವಿದೆ. 1972ರಲ್ಲಿ ಆಗಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೋಲಿಸ್ ಠಾಣೆಯಲ್ಲಿಯೇ 14-16 ವರ್ಷದ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಖಟ್ಲೆಯಲ್ಲಿ ಸೆಷನ್ಸ್ ನ್ಯಾಯಾಲಯ ಬಿಡುಗಡೆ ಮಾಡಿತು. ಉಚ್ಚ ನ್ಯಾಯಾಲಯದ ನಾಗಪುರ ಪೀಠ ಶಿಕ್ಷೆ ವಿಧಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತುಗಳಿಲ್ಲದ್ದು ಆ ತೀರ್ಪಿಗೆ ಒಂದು ಕಾರಣವಾಗಿತ್ತು. 1979ರಲ್ಲಿ ಉಪೇಂದ್ರ ಬಕ್ಷಿ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮುಂಬಯಿಯೂ ಸೇರಿದಂತೆ ದೇಶದಲ್ಲೆಲ್ಲ ಮಹಿಳೆಯರ ಚಳವಳಿ ಎದ್ದಿತು. 1983ರಲ್ಲಿ ಕಾನೂನೇ ತಿದ್ದುಪಡಿಯಾಯಿತು.

ವೈದ್ಯಶಾಸ್ತ್ರದ ನಿಲುವು ಇಂದು ಸ್ಪಷ್ಟವಾಗಿದೆ. ಪೀಡನೆಗೊಳಗಾದ ಎಷ್ಟೋ ಮಕ್ಕಳ ಮೈಮೇಲೆ ಗುರುತೇ ಇರುವುದಿಲ್ಲ. ಕೇವಲ ಸ್ಪರ್ಶದಿಂದಾದ ಅಪರಾಧ ಗುರುತು ಉಳಿಸುವುದಿಲ್ಲ. ಎಳೆಯ ಚರ್ಮದ ಸಣ್ಣ ಗಾಯಗಳು ಕೆಲವೇ ದಿನಗಳಲ್ಲಿ ಮಾಯುತ್ತವೆ. ಆದುದರಿಂದ ‘ಗಾಯಗಳಿಲ್ಲ’ ಎಂಬ ವರದಿಯ ಅರ್ಥ ‘ಏನೂ ನಡೆದಿಲ್ಲ’ ಎಂದಲ್ಲ. ಒಂದು ಕಾಲದಲ್ಲಿ ರೂಢಿಯಲ್ಲಿದ್ದ ‘ಎರಡು ಬೆರಳಿನ ಪರೀಕ್ಷೆ’ಯು ಅಶಾಸ್ತ್ರೀಯವೂ ಅವಮಾನಕರವೂ ಆದುದೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಂಡಿಸಿತು, 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಅದನ್ನು ನಡೆಸುವವರು ದುರ್ವರ್ತನೆಯ ದೋಷಕ್ಕೆ ಗುರಿಯಾಗುವರೆಂದು ಎಚ್ಚರಿಸಿತು. ಅಂಥ ಪರೀಕ್ಷೆಯನ್ನು ತಂದೆತಾಯಿಗಳು ನಿರಾಕರಿಸಬೇಕು.

ಹಾಗೆಂದು ಆಸ್ಪತ್ರೆಗೆ ಹೋಗುವುದು ವ್ಯರ್ಥವಲ್ಲ. ಮೊದಲನೆಯದಾಗಿ ಅದು ಚಿಕಿತ್ಸೆಗಾಗಿ. ಸೋಂಕು ತಡೆಯುವ ಔಷಧಗಳಲ್ಲಿ ಕೆಲವನ್ನು, ವಿಶೇಷವಾಗಿ ಎಚ್‌ಐವಿ ತಡೆಯುವ ಔಷಧವನ್ನು, 72 ಗಂಟೆಗಳೊಳಗೆ ಆರಂಭಿಸಬೇಕು. ಋತುಮತಿಯಾದ ಬಾಲಕಿಗೆ ಗರ್ಭ ತಡೆಯುವ ಗುಳಿಗೆಯೂ ಅಷ್ಟೇ ಬೇಗ ಬೇಕು. ಎರಡನೆಯದಾಗಿ ಅದು ಪುರಾವೆಗಾಗಿ. ದೇಹದ ಮೇಲಿನ ಅವಶೇಷಗಳು ಗಂಟೆ ಗಂಟೆಗೂ ಕ್ಷೀಣಿಸುತ್ತವೆ; ಸ್ನಾನ, ಶೌಚ, ಬಟ್ಟೆ ಒಗೆಯುವುದರಿಂದ ಬೇಗನೆ ನಾಶವಾಗುತ್ತವೆ. ಧರಿಸಿದ್ದ ಬಟ್ಟೆಯನ್ನು ಒಗೆಯದೆ, ಒದ್ದೆಯಿದ್ದರೆ ನೆರಳಿನಲ್ಲಿ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ, ಕಾಗದದ ಚೀಲದಲ್ಲಿ ಇಟ್ಟು ಒಯ್ಯಬೇಕು. ಅವು ಆಸ್ಪತ್ರೆಯಿಂದ ಪೋಲಿಸರಿಗೆ, ಅಲ್ಲಿಂದ ಸಾಂತಾಕ್ರೂಜ್ ಕಲೀನಾದಲ್ಲಿರುವ ನ್ಯಾಯವೈಜ್ಞಾನಿಕ ಪ್ರಯೋಗಶಾಲೆಗೆ ಮೊಹರಿನೊಡನೆ ಹೋಗುತ್ತವೆ. ಎಲ್ಲಿ ಯಾರ ಕೈಗೆ ಬಂತೆಂಬ ದಾಖಲೆಯ ಸರಪಳಿ ಕಡಿದರೆ ಮೇಲ್ಮನವಿಯಲ್ಲಿ ಅದೇ ಪ್ರಶ್ನೆಯಾಗುತ್ತದೆ.

ಪೋಲಿಸ್ ದೂರು ದಾಖಲಾಗುವ ಮೊದಲೇ ಮಗುವಿನ ವೈದ್ಯಕೀಯ ತಪಾಸಣೆ ನಡೆಸಲು ಕಾನೂನಿನಲ್ಲಿ ಅವಕಾಶವಿದೆ. ಬಾಲಕಿಯಾದರೆ ವೈದ್ಯೆಯೇ ತಪಾಸಣೆ ನಡೆಸಬೇಕು. ಮಗು ನಂಬುವ ಒಬ್ಬರು ಜೊತೆಯಲ್ಲಿರಬೇಕು. ಸರಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಬದ್ಧವಾಗಿವೆ.

ಪೋಕ್ಸೋ ಕಾಯಿದೆ ಮತ್ತು ನಾಗಪುರದ ತೀರ್ಪು

ಆಂಕರೇಜ್ ಖಟ್ಲೆ ನಡೆದಾಗ ಮಕ್ಕಳಿಗಾಗಿಯೇ ಮೀಸಲಾದ ಕಾನೂನು ಇರಲಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯಿದೆಯು 18 ವರ್ಷದೊಳಗಿನ ಬಾಲಕ ಬಾಲಕಿಯರಿಬ್ಬರಿಗೂ ಅನ್ವಯಿಸುತ್ತದೆ. ಆರೋಪಿಯ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಬೇಕು. ಮಗು ಸಾಕ್ಷಿ ಹೇಳುವಾಗ ಆರೋಪಿ ಅದರ ಕಣ್ಣಿಗೆ ಬೀಳಬಾರದು. ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಮಗುವಿನ ಹೆಸರು, ಶಾಲೆ, ವಿಳಾಸಗಳನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ‘ನಾಲ್ಕು ಜನರಿಗೆ ತಿಳಿದರೆ’ ಎಂಬ ಅಂಜಿಕೆಗೆ ಕಾನೂನೇ ಕೊಟ್ಟಿರುವ ಉತ್ತರವಿದು.

ಈ ಕಾಯಿದೆಯ 29ನೆಯ ಕಲಮಿನಂತೆ, ಹೆಸರಿಸಲಾದ ಅಪರಾಧಗಳಲ್ಲಿ ಆರೋಪಿಯೇ ಅದನ್ನು ಮಾಡಿದನೆಂದು ನ್ಯಾಯಾಲಯ ಭಾವಿಸಿಕೊಳ್ಳತಕ್ಕದ್ದು. ಅಲ್ಲವೆಂದು ತೋರಿಸುವ ಭಾರ ಅವನದು. ಇದರಿಂದ ಸರಕಾರದ ಪಕ್ಷ ಸುಮ್ಮನೆ ಕುಳಿತಿರಬಹುದೆಂದು ತಿಳಿಯಬಾರದು. ಘಟನೆ ನಡೆಯಿತು, ಮಗುವಿನ ವಯಸ್ಸು ಇಷ್ಟು, ಆರೋಪಿಗೂ ಘಟನೆಗೂ ಸಂಬಂಧವಿದೆ ಎಂಬ ಮೂಲ ಸಂಗತಿಗಳನ್ನು ಮೊದಲು ಸ್ಥಾಪಿಸಿದ ಮೇಲೆಯೇ ಈ ಭಾವನೆಗೆ ಬಲ ಬರುತ್ತದೆ. ತಳಪಾಯವಿಲ್ಲದೆ ಗೋಡೆ ಏಳುವುದಿಲ್ಲ.

ಸಾಕ್ಷ್ಯ ಗಟ್ಟಿಯಿದ್ದರೆ ಕಾನೂನಿನ ಅರ್ಥದಲ್ಲಾಗುವ ಎಡವಟ್ಟನ್ನೂ ತಿದ್ದಬಹುದೆಂಬುದಕ್ಕೆ ನಾಗಪುರದ ಪ್ರಕರಣ ಉದಾಹರಣೆ. 2016ರಲ್ಲಿ ಪೇರಲೆಹಣ್ಣು ಕೊಡುವ ನೆವದಿಂದ ಹನ್ನೆರಡು ವರ್ಷದ ಬಾಲಕಿಯನ್ನು ಒಬ್ಬನು ತನ್ನ ಮನೆಗೆ ಕರೆದೊಯ್ದನು. ತಾಯಿ ಹುಡುಕುತ್ತ ಬಂದಾಗ ಆಕೆ ಇಲ್ಲಿಲ್ಲವೆಂದನು; ತಾಯಿ ಬಿಡದೆ ಒಳಹೊಕ್ಕು ಮೇಲಿನ ಕೋಣೆಯಲ್ಲಿದ್ದ ಮಗಳನ್ನು ಕಂಡುಹಿಡಿದಳು; ಕೂಡಲೇ ದೂರು ಕೊಟ್ಟಳು. ಸೆಷನ್ಸ್ ನ್ಯಾಯಾಲಯ ಪೋಕ್ಸೋ ಕಾಯಿದೆಯಂತೆ 3 ವರ್ಷ ಶಿಕ್ಷೆ ವಿಧಿಸಿತು. 2021ರ ಜನವರಿ 19ರಂದು ಉಚ್ಚ ನ್ಯಾಯಾಲಯದ ನಾಗಪುರ ಪೀಠವು, ಬಟ್ಟೆಯ ಮೇಲಿನಿಂದ ಮುಟ್ಟಿದುದು, ಚರ್ಮಕ್ಕೆ ಚರ್ಮ ಸೋಕದಿದ್ದುದರಿಂದ, ಆ ಕಾಯಿದೆಯ ಲೈಂಗಿಕ ಹಲ್ಲೆಯಾಗದೆಂದು ಹೇಳಿ, ದಂಡಸಂಹಿತೆಯಂತೆ 1 ವರ್ಷಕ್ಕೆ ಇಳಿಸಿತು. ಭಾರತದ ಅಟಾರ್ನಿ ಜನರಲ್ ಅವರೇ ಮೇಲ್ಮನವಿ ಹೋದರು. 2021ರ ನವೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು, ಮುಖ್ಯವಾದುದು ಲೈಂಗಿಕ ಉದ್ದೇಶ, ಚರ್ಮದ ಸಂಪರ್ಕವಲ್ಲವೆಂದು ತೀರ್ಮಾನಿಸಿ 3 ವರ್ಷಗಳ ಶಿಕ್ಷೆಯನ್ನು ಮರಳಿ ಸ್ಥಾಪಿಸಿತು. ತಾಯಿಯ ಸಮಯಸ್ಫೂರ್ತಿಯಿಂದ ಘಟನೆಯ ಸಂಗತಿಗಳು ಕಾಗದದಲ್ಲಿ ಭದ್ರವಾಗಿದ್ದುದರಿಂದಲೇ ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನೆ ಕಾನೂನಿನ ಅರ್ಥಕ್ಕೆ ಸೀಮಿತವಾಯಿತು.

ವಲಸೆ ಬಂದ ಕುಟುಂಬಗಳ ವಿಶೇಷ ತೊಡಕುಗಳು

ಊರು ಬಿಟ್ಟು ಬಂದವರಿಗೆ ಇಲ್ಲಿ ಎರಡು ತೊಡಕುಗಳುಂಟು. ಮೊದಲನೆಯದು ವಯಸ್ಸಿನ ದಾಖಲೆ. ಮಗು 18ರ ಒಳಗಿನದೆಂದು ರುಜುವಾತಾಗದಿದ್ದರೆ ಪೋಕ್ಸೋ ಕಾಯಿದೆಯೇ ಅನ್ವಯಿಸದು. ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅವಿಲ್ಲದಿದ್ದರೆ ನಗರಪಾಲಿಕೆಯ ಇಲ್ಲವೆ ಪಂಚಾಯತಿಯ ಜನನಪತ್ರ, ಅದೂ ಇಲ್ಲದಿದ್ದರೆ ಎಲುಬಿನ ಬೆಳವಣಿಗೆಯ ವೈದ್ಯಕೀಯ ಪರೀಕ್ಷೆ ಎಂಬ ಕ್ರಮವನ್ನು ನ್ಯಾಯಾಲಯಗಳು ಅನುಸರಿಸುತ್ತವೆ. ಹೆರಿಗೆಗೆ ತಾಯಿ ತವರಿಗೆ ಹೋಗಿ, ಜನನ ಕುಂದಾಪುರದಲ್ಲೋ ವಿಜಾಪುರದಲ್ಲೋ ಆಗಿ, ಶಾಲೆಗೆ ಸೇರಿಸುವಾಗ ಅಂದಾಜಿನ ತಾರೀಖು ಬರೆಸಿದ ಉದಾಹರಣೆಗಳು ಕಡಿಮೆಯಲ್ಲ. ಎರಡು ದಾಖಲೆಗಳಲ್ಲಿ ಎರಡು ತಾರೀಖುಗಳಿದ್ದರೆ ಸಂಶಯಕ್ಕೆ ದಾರಿ. ಜನನಪತ್ರವನ್ನು ಊರಿನಿಂದ ತರಿಸಿ, ಶಾಲೆಯ ದಾಖಲೆಯನ್ನು ಅದಕ್ಕೆ ಹೊಂದಿಸಿಡುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಎರಡನೆಯದು ಭಾಷೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಪುಟ್ಟ ಮಗು ತನ್ನ ಮೈಯ ಭಾಗಗಳನ್ನು ಮನೆಮಾತಿನ ಹೆಸರುಗಳಿಂದಲೇ ಅರಿತಿರುತ್ತದೆ. ಠಾಣೆಯಲ್ಲಿ ಹೇಳಿಕೆ ಬರೆಯುವುದು ಮರಾಠಿಯಲ್ಲಿ. ನಡುವೆ ತಂದೆ ಹಿಂದಿಯಲ್ಲಿ ತಿಳಿಸುವಾಗ ನಾಚಿಕೆಯಿಂದ ಮಾತನ್ನು ಮೃದುಗೊಳಿಸುತ್ತಾನೆ. ನ್ಯಾಯಾಲಯದಲ್ಲಿ ಮಗು ನಿಜವಾದ ಹೆಸರನ್ನು ಹೇಳಿದಾಗ ‘ಇದನ್ನು ಮೊದಲು ಹೇಳಿರಲಿಲ್ಲ’ ಎಂಬ ಆಕ್ಷೇಪಣೆ ಏಳುತ್ತದೆ. ಇದು ಮಗುವಿನ ಸುಳ್ಳಲ್ಲ, ಅನುವಾದದ ದೋಷ. ದೂರು ದಾಖಲಿಸುವಾಗಲೂ, ಮ್ಯಾಜಿಸ್ಟ್ರೇಟರ ಮುಂದೆಯೂ, ನ್ಯಾಯಾಲಯದಲ್ಲಿಯೂ ಮಗುವಿನ ಭಾಷೆ ಬಲ್ಲ ದುಭಾಷಿಯ ನೆರವು ಪಡೆಯಲು ಪೋಕ್ಸೋ ಕಾಯಿದೆಯಲ್ಲಿ ಏರ್ಪಾಡಿದೆ. ಅದನ್ನು ಕೇಳಿ ಪಡೆಯಬೇಕು. ಮಗು ಬಳಸಿದ ಪದವನ್ನೇ ಹಾಗೆಯೇ ಬರೆದು, ಅದರ ಅರ್ಥವನ್ನು ಪಕ್ಕದಲ್ಲಿ ನಮೂದಿಸುವಂತೆ ವಿನಂತಿಸಬೇಕು. ಬರೆದುದನ್ನು ಓದಿಸಿ ಕೇಳದೆ ಸಹಿ ಹಾಕಬಾರದು. ಈ ಕಾರ್ಯದಲ್ಲಿ ಮರಾಠಿ ಬಲ್ಲ ಕನ್ನಡ ವಕೀಲರು, ಅಧ್ಯಾಪಕಿಯರು, ಸಂಘಸಂಸ್ಥೆಗಳ ಕಾರ್ಯಕರ್ತರು ಎಷ್ಟೋ ಉಪಕಾರ ಮಾಡಬಹುದು.

ಹಿರಿಯರು ಮಾಡಬೇಕಾದುದು

ಮಗು ಹೇಳುವಾಗ ಅಡ್ಡಬಾಯಿ ಹಾಕದೆ ಕೇಳಬೇಕು. ‘ಅವನು ಹೀಗೆ ಮಾಡಿದನೇ?’ ಎಂದು ಉತ್ತರವನ್ನು ಬಾಯಿಗೆ ಕೊಡಬಾರದು, ‘ಆಮೇಲೆ ಏನಾಯಿತು?’ ಎಂದಷ್ಟೇ ಕೇಳಬೇಕು. ಬಂದ ಬಂಧುಗಳಿಗೆಲ್ಲ ಮತ್ತೆ ಮತ್ತೆ ಹೇಳಿಸಬಾರದು. ಪ್ರತಿ ಸಾರಿಯೂ ಮಗು ನೋಯುತ್ತದೆ, ಪ್ರತಿ ಸಾರಿಯೂ ಮಾತು ಸ್ವಲ್ಪ ಬದಲಾಗುತ್ತದೆ. ಮಗು ಹೇಳಿದ ಮಾತುಗಳನ್ನು ಅಂದೇ, ತಾರೀಖು ವೇಳೆಗಳೊಡನೆ, ಒಂದು ಕಾಗದದಲ್ಲಿ ಬರೆದಿಡಬೇಕು. ಆರೋಪಿಯ ಮನೆಗೆ ನುಗ್ಗಿ ಹೊಡೆಯುವುದರಿಂದಲೂ, ‘ಒಳಗೊಳಗೇ ಮುಗಿಸೋಣ’ ಎಂದು ಹಣ ಪಡೆಯುವುದರಿಂದಲೂ ಮಗುವಿನ ಪಕ್ಷ ದುರ್ಬಲವಾಗುತ್ತದೆ. ಮಗುವನ್ನು ಊರಿಗೆ ಕಳುಹಿಸುವುದು ಅಗತ್ಯವಾದರೂ ಹೇಳಿಕೆ, ತಪಾಸಣೆಗಳು ಮುಗಿದ ಮೇಲೆ, ತನಿಖಾಧಿಕಾರಿಗೆ ವಿಳಾಸ ಕೊಟ್ಟು ಕಳುಹಿಸಬೇಕು.

ಇಂಥ ಅಪರಾಧ ತಿಳಿದೂ ದೂರು ಕೊಡದಿರುವುದು ಪೋಕ್ಸೋ ಕಾಯಿದೆಯ 19 ಮತ್ತು 21ನೆಯ ಕಲಮುಗಳಂತೆ ಸ್ವತಃ ಅಪರಾಧವೆಂಬುದನ್ನು ಶಾಲೆ, ಹೋಟೆಲು, ಸೊಸೈಟಿ, ಸಂಘಗಳನ್ನು ನಡೆಸುವವರು ನೆನಪಿನಲ್ಲಿಡಬೇಕು. ಸಹಾಯಕ್ಕೆ 1098 ಎಂಬ ದೂರವಾಣಿ ಸಂಖ್ಯೆಯಿದೆ. 1996ರಲ್ಲಿ ಮುಂಬಯಿಯಲ್ಲಿಯೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ಈ ಸೇವೆ ಈಗ ಸರಕಾರದ ಆಡಳಿತದಲ್ಲಿ ದೇಶಕ್ಕೆಲ್ಲ ಹಬ್ಬಿದೆ. ತುರ್ತಿನಲ್ಲಿ 112ಕ್ಕೂ ಕರೆಮಾಡಬಹುದು.

ಆಂಕರೇಜ್ ಧಾಮದ ಹುಡುಗರಿಗೆ ತಾಯಿಯ ಮಡಿಲಿರಲಿಲ್ಲ. ಅವರ ಮಾತು ನಿಲ್ಲಲು ಹತ್ತು ವರ್ಷಗಳು ಹಿಡಿದವು. ಮನೆಯಿರುವ ಮಕ್ಕಳಿಗೆ ಮೊದಲ ನ್ಯಾಯಾಲಯವೆಂದರೆ ಮನೆಯೇ. ಅಲ್ಲಿ ಅವರ ಮಾತನ್ನು ನಂಬಿ, ಕೂಡಿಸದೆ ಕಳೆಯದೆ ಕಾಪಾಡಿದರೆ, ಮೇಲಿನ ಮೂರು ನ್ಯಾಯಾಲಯಗಳಲ್ಲಿಯೂ ಅದು ತನ್ನ ಕಾಲ ಮೇಲೆ ತಾನು ನಿಲ್ಲುವ ಶಕ್ತಿಯನ್ನು ಪಡೆಯುತ್ತದೆ. ಮಾನವೆಂಬುದು ಹೋಗುವುದು ಅಪರಾಧ ಮಾಡಿದವನದು. ಮಗುವಿನದಲ್ಲ, ಮಗುವಿನ ಮನೆಯದೂ ಅಲ್ಲ.